ಮಗ ಬಿಟ್ಟರೆ ಬೆಳವಣಿಗೆ, ಹುಡುಗ ಬಿಟ್ಟರೆ ದ್ರೋಹವೇ?

ಪ್ರಶ್ನೆ: ನನಗೆ 59 ವರ್ಷ. ಹೊಸದುರ್ಗದಲ್ಲಿ ಪಂಪ್‌ಸೆಟ್ ಅಂಗಡಿ ಇದೆ. ಜೊತೆಗೆ ಮೋಟರ್ ರಿವೈಂಡಿಂಗ್, ಡ್ರಿಪ್ ಸಾಮಾನು. ಹಿರಿಯೂರಿನಲ್ಲಿ ಒಂದು ಬ್ರಾಂಚ್. ಎರಡೂ ಕಡೆ ಸೇರಿ ಹನ್ನೊಂದು ಜನ ಕೆಲಸಕ್ಕಿದ್ದಾರೆ. ಹೊಳಲ್ಕೆರೆ ಕಡೆಯ ಅಡಿಕೆ ತೋಟದವರು, ನಮ್ಮ ಕಡೆಯ ತೆಂಗು, ದಾಳಿಂಬೆಯವರು ಎಲ್ಲ ನಮ್ಮ ಗಿರಾಕಿಗಳೇ. ದೇವರ ದಯೆ, ವ್ಯಾಪಾರಕ್ಕೆ ಕಷ್ಟವಿಲ್ಲ. ಕಷ್ಟ ಇರೋದು ಹುಡುಗರದ್ದು.

ನಾನು ಹದಿಮೂರನೇ ವಯಸ್ಸಿಗೆ ದಾವಣಗೆರೆಯ ಒಂದು ವೈಂಡಿಂಗ್ ಅಂಗಡಿ ಸೇರಿದವನು. ಎರಡು ವರ್ಷ ಸಂಬಳ ಇಲ್ಲ. ಎರಡು ಹೊತ್ತು ಊಟ, ರಾತ್ರಿ ಮಲಗೋಕೆ ಅಂಗಡಿ, ಅಷ್ಟೆ. ತಪ್ಪಾದರೆ ಕಪಾಳಕ್ಕೆ ಬೀಳೋದು. ಆದರೂ ಹದಿನಾಲ್ಕು ವರ್ಷ ಅಲ್ಲೇ ಇದ್ದೆ. ಸ್ವಂತ ಅಂಗಡಿ ಹಾಕುವಾಗ ನಮ್ಮ ಯಜಮಾನರ ಕಾಲು ಮುಟ್ಟಿ ಬಂದೆ.

ಈಗಿನವರು ಎರಡು ವರ್ಷ ನಿಲ್ಲಲ್ಲ. ಏನೂ ಬಾರದವನನ್ನು ಸೇರಿಸಿಕೊಂಡು ವೈಂಡಿಂಗ್ ಕಲಿಸಿ, ಪ್ಯಾನಲ್ ಬೋರ್ಡ್ ಕಲಿಸಿ, ಇನ್ನೇನು ಕೈಗೆ ಬಂದ ಅನ್ನುವಷ್ಟರಲ್ಲಿ ಬೆಂಗಳೂರಿಗೆ ಹೋಗಿರ್ತಾನೆ. ಹೋದ ಏಪ್ರಿಲ್‌ನಲ್ಲಿ ಬೇಸಿಗೆ ಕೆಲಸ ತಲೆ ಮೇಲೆ ಬಿದ್ದಿದ್ದಾಗ ನನ್ನ ಒಳ್ಳೇ ಹುಡುಗನೊಬ್ಬ ‘ನಾಳೆಯಿಂದ ಬರಲ್ಲ ಅಣ್ಣ, ಸಾರಿ’ ಅಂತ ವಾಟ್ಸಾಪ್ ಹಾಕಿ ಹೋದ. 8,000 ರೂಪಾಯಿ ಅಡ್ವಾನ್ಸ್ ಬಾಕಿ. ಇನ್ನೊಬ್ಬ, ಗಿರಾಕಿ ಮುಂದೆ ಎರಡು ಮಾತು ಬೈದೆ ಅಂತ ಮೂರು ದಿನ ಮುಖ ತೋರಿಸಲಿಲ್ಲ. ಮತ್ತೊಬ್ಬನಿಗೆ ರಾತ್ರಿ ಕರೆಂಟ್ ಬಂದಾಗ ಒಂದು ತೋಟದ ಸ್ಟಾರ್ಟರ್ ನೋಡಿ ಬಾ ಅಂದರೆ, ‘ಗ್ಲೌಸು, ಟೆಸ್ಟರು ಕೊಡಿ, ಇಲ್ಲಾಂದ್ರೆ ಬೆಳಿಗ್ಗೆ ಹೋಗ್ತೀನಿ’ ಅಂತಾನೆ. ರಜ ಕೊಡ್ತೀರಾ ಅಂತ ಕೇಳೋದಿಲ್ಲ, ನಾಳೆ ರಜ ಅಂತ ಹೇಳ್ತಾರೆ. ಕೈಯಲ್ಲಿ ಸದಾ ಮೊಬೈಲು. ಸರ್ಕಾರದ ಗ್ಯಾರಂಟಿ ದುಡ್ಡು ಬಂದ ಮೇಲೆ ದುಡಿಯೋ ಬುದ್ಧಿಯೇ ಹೋಯ್ತು ಅಂತ ನಮ್ಮ ಪೇಟೆಯವರೆಲ್ಲ ಹೇಳ್ತಾರೆ.

ನಾನು ಇವರನ್ನು ಮನೆ ಮಕ್ಕಳ ಥರ ನೋಡಿಕೊಂಡಿದ್ದೇನೆ. ಹಬ್ಬಕ್ಕೆ ಬಟ್ಟೆ, ಕಷ್ಟಕ್ಕೆ ಕೈಸಾಲ, ಭಾನುವಾರ ಮಧ್ಯಾಹ್ನದ ಮೇಲೆ ರಜ. ನನ್ನ ಒಬ್ಬನೇ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್. ಆರು ವರ್ಷದಲ್ಲಿ ಇದು ನಾಲ್ಕನೇ ಕಂಪನಿ, ಚೆನ್ನಾಗಿ ಬೆಳೆದಿದ್ದಾನೆ. ಅವನು ಬಂದು ಅಂಗಡಿ ನೋಡೋ ಮಾತಿಲ್ಲ. ಈ ಹುಡುಗರೇ ನನಗೆ ಆಧಾರ.

ಏಪ್ರಿಲ್‌ನಲ್ಲಿ ಹೋದವನು ಮೊನ್ನೆ ಫೋನ್ ಮಾಡಿ ‘ವಾಪಸ್ ಬರ್ತೀನಿ ಅಣ್ಣ’ ಅಂದ. ಮನೆಯವಳು ಕರೆಸಿಕೊಳ್ಳಿ ಅಂತಾಳೆ. ನನಗೆ ಮನಸ್ಸಿಲ್ಲ. ಇವರಿಗೆ ನಿಯತ್ತು ಕಲಿಸೋದು ಹೇಗೆ?

— ಹೆಸರು ಬೇಡ, ಹೊಸದುರ್ಗ

ಉತ್ತರ: ಯಜಮಾನರೇ, ನಿಮ್ಮ ಪತ್ರದಲ್ಲಿ ಕೆಲಸ ಬಿಟ್ಟವರ ಸುದ್ದಿ ಎರಡು ಸಲ ಬರುತ್ತದೆ. ಹುಡುಗ ಬಿಟ್ಟಿದ್ದು ನಿಯತ್ತಿಲ್ಲದ್ದಕ್ಕೆ ಸಾಕ್ಷಿ, ಮಗ ಬಿಟ್ಟಿದ್ದು ಬೆಳವಣಿಗೆ. ಆರು ವರ್ಷಕ್ಕೆ ನಾಲ್ಕು ಕಂಪನಿ ಎಂದರೆ ನಿಮ್ಮ ಮಗ ಒಂದೊಂದು ಕಡೆ ಸರಾಸರಿ ಒಂದೂವರೆ ವರ್ಷ ನಿಂತಿದ್ದಾನೆ. ‘ಎರಡು ವರ್ಷ ನಿಲ್ಲಲ್ಲ’ ಎಂದು ನೀವು ಬೈಯುವ ಹುಡುಗರ ಲೆಕ್ಕವೂ ಸುಮಾರಾಗಿ ಅಷ್ಟೇ. ನಿಮ್ಮನ್ನು ಚುಚ್ಚಬೇಕೆಂದು ಇದನ್ನು ಎತ್ತಲಿಲ್ಲ. ಮಗನ ಸಂಬಳ ಏರಲಿಲ್ಲ, ಮ್ಯಾನೇಜರ್ ಸರಿಯಿಲ್ಲ, ಬೇರೆ ಕಡೆ ಒಳ್ಳೆಯದು ಸಿಕ್ಕಿತು ಎಂದಾಗ ನಿಮಗೆ ಎಲ್ಲವೂ ಅರ್ಥವಾಯಿತು. ಅದೇ ಮೂರು ಕಾರಣ ಹೇಳುವಷ್ಟು ಸಲುಗೆ ನಿಮ್ಮ ಹುಡುಗನಿಗೆ ನಿಮ್ಮ ಹತ್ತಿರ ಇರಲಿಲ್ಲ. ಅದಕ್ಕೇ ವಾಟ್ಸಾಪ್ ಹಾಕಿ ಹೋದ.

ಇನ್ನು ನಿಮ್ಮ ಹದಿನಾಲ್ಕು ವರ್ಷದ ಮಾತು. ಆ ಕಷ್ಟದ ಬಗ್ಗೆ ನನಗೆ ಗೌರವವಿದೆ. ಆದರೆ ಒಂದು ಪ್ರಶ್ನೆ ನಿಮಗೆ ನೀವೇ ಕೇಳಿಕೊಳ್ಳಿ. ಹದಿನೈದನೇ ವಯಸ್ಸಿನಲ್ಲಿ ಕಪಾಳಕ್ಕೆ ಏಟು ಬಿದ್ದ ರಾತ್ರಿ ಇನ್ನೊಂದು ಕಡೆ ಕೆಲಸ ಖಾಲಿಯಿದೆ ಎಂದು ನಿಮಗೆ ತಿಳಿಯುವ ದಾರಿ ಇದ್ದಿದ್ದರೆ ಏನು ಮಾಡುತ್ತಿದ್ದಿರಿ? ಆಗ ಬೆಂಗಳೂರಿಗೆ ಹೋಗಬೇಕೆಂದರೆ ಅಲ್ಲಿ ಒಬ್ಬ ಸೋದರಮಾವನಾದರೂ ಇರಬೇಕಿತ್ತು. ಈಗ ಹಿರಿಯೂರಿನಲ್ಲಿ ಹೆದ್ದಾರಿಗೆ ಬಂದು ನಿಂತರೆ ಬೆಂಗಳೂರಿನ ಬಸ್ಸು, ಹೊಳಲ್ಕೆರೆ ಹುಡುಗನಿಗೆ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ರೈಲು, ಕೆಲಸದ ವಿವರ ಕೈಯಲ್ಲಿರುವ ಫೋನಿನಲ್ಲಿ. ಅವನ ಜೊತೆ ಐಟಿಐ ಓದಿದವನು ಬೆಂಗಳೂರಿನ ಪೀಣ್ಯದಿಂದ ಸಂಬಳ ಎಷ್ಟೆಂದು ಹೇಳುತ್ತಾನೆ, ಇನ್ನೊಬ್ಬ ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರದ ಬುಡದಲ್ಲಿ ಹೆಲ್ಮೆಟ್ ಹಾಕಿಕೊಂಡ ಫೋಟೊ ಕಳಿಸುತ್ತಾನೆ. ನೀವು ನಿಂತಿದ್ದರಲ್ಲಿ ಯಜಮಾನರ ಮೇಲಿನ ಪ್ರೀತಿ ಎಷ್ಟು, ಬೇರೆ ದಾರಿ ಇಲ್ಲದಿದ್ದುದು ಎಷ್ಟು ಎಂದು ಇಷ್ಟು ವರ್ಷದ ಮೇಲೆ ಬಿಡಿಸಿ ಹೇಳುವುದು ಕಷ್ಟ. ಈಗಿನ ಹುಡುಗನಿಗೆ ಮಾತ್ರ ದಾರಿ ಇದೆ. ಅವನು ನಿಮ್ಮಲ್ಲಿ ನಿಂತರೆ ಅದು ಅವನ ಆಯ್ಕೆ.

ಅಂದಹಾಗೆ, ಹದಿಮೂರು ವರ್ಷದ ಹುಡುಗನನ್ನು ಇಂದು ಅಂಗಡಿಗೆ ಸೇರಿಸಿಕೊಂಡರೆ ಅದು ಅಪರಾಧ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ಮೇಲೆ ಹದಿನಾಲ್ಕು ತುಂಬದ ಮಕ್ಕಳನ್ನು ಯಾವ ಅಂಗಡಿಯಲ್ಲೂ ದುಡಿಸುವಂತಿಲ್ಲ, ಹದಿನೆಂಟರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ನಿಮ್ಮ ಬಾಲ್ಯವನ್ನು ಇವರಿಗೆ ಮಾದರಿಯಾಗಿ ಹೇಳುವುದನ್ನು ದಯವಿಟ್ಟು ನಿಲ್ಲಿಸಿ. ನೀವು ಹೇಳುವುದು ‘ನಾನು ಕಷ್ಟಪಟ್ಟೆ’ ಎಂದು, ಅವರಿಗೆ ಕೇಳಿಸುವುದು ‘ನೀನೂ ಪಡು’ ಎಂದು.

ಗ್ಯಾರಂಟಿ ವಿಷಯ ಬೇಗ ಮುಗಿಸುತ್ತೇನೆ. ಯುವನಿಧಿ ಸಿಗುವುದು ಡಿಗ್ರಿ, ಡಿಪ್ಲೊಮಾ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ. ಡಿಗ್ರಿಯವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಅದೂ ಹೆಚ್ಚೆಂದರೆ ಎರಡು ವರ್ಷ. ಎಸ್ಸೆಸ್ಸೆಲ್ಸಿ, ಪಿಯುಸಿ, ಐಟಿಐ ಮಾಡಿ ನಿಮ್ಮಲ್ಲಿಗೆ ಬರುವ ಹುಡುಗರಿಗೆ ಅದರ ಸಂಬಂಧವೇ ಇಲ್ಲ. ಅವ್ವನ ಖಾತೆಗೆ ಗೃಹಲಕ್ಷ್ಮಿಯ 2,000 ಬರುತ್ತಿರಬಹುದು. ಅದರಿಂದ ಯಾರೂ ಕೆಲಸ ಬಿಟ್ಟು ಮನೆಯಲ್ಲಿ ಕೂರುವುದಿಲ್ಲ. ಬೈಗುಳ ನುಂಗಿಕೊಂಡು ಇರಲೇಬೇಕೆಂಬ ಒತ್ತಡ ಒಂದಿಷ್ಟು ಸಡಿಲವಾಗಿರಬಹುದು. ನನ್ನನ್ನು ಕೇಳಿದರೆ ಅದು ಒಳ್ಳೆಯದೇ.

ಹಾಗಾದರೆ ಯಾಕೆ ಹೋಗುತ್ತಾರೆ? ಸುಟ್ಟ ಮೋಟ್ರು ರಿಪೇರಿಗೆ ಬಂದರೆ ನೀವು ಮೋಟ್ರನ್ನು ಬೈಯುವುದಿಲ್ಲ. ವೋಲ್ಟೇಜ್ ಬಿದ್ದಿತ್ತೋ, ಒಂದು ಫೇಸ್ ಹೋಗಿತ್ತೋ, ಬೋರಿನಲ್ಲಿ ನೀರಿಲ್ಲದೆ ಓಡಿತೋ ಎಂದು ಹುಡುಕುತ್ತೀರಿ. ಹುಡುಗರ ವಿಷಯದಲ್ಲೂ ಆ ಹುಡುಕಾಟ ಮಾಡಿ ನೋಡಿ.

ಸಂಬಳ ಒಂದು ಕಾರಣ, ಒಪ್ಪುತ್ತೇನೆ. ಆದರೆ ಬೆಂಗಳೂರಿನಲ್ಲಿ ಬೈಕಿನಲ್ಲಿ ಊಟ ತಲುಪಿಸುವ ಹುಡುಗನ ಕೈಗೆ ಬರುವ ದುಡ್ಡಿನಲ್ಲಿ ಪೆಟ್ರೋಲು, ರೂಮಿನ ಬಾಡಿಗೆ, ಊಟ, ಬೈಕಿನ ಕಂತು ಕಳೆದರೆ ಊರಿಗೆ ಕಳಿಸಲು ಉಳಿಯುವುದು ಬಹಳವೇನಲ್ಲ. ಈ ಲೆಕ್ಕ ಆ ಹುಡುಗರಿಗೂ ಗೊತ್ತು. ಗೊತ್ತಿದ್ದೂ ಹೋಗುತ್ತಾರೆ. ಊರಿನಲ್ಲಿ ಅವನು ಸದಾ ಇಂಥವರ ಮಗ, ಇಂಥ ಕೇರಿಯವನು, ಇಂಥ ಅಂಗಡಿಯ ಹುಡುಗ. ಬೆಂಗಳೂರಿನಲ್ಲಿ ಯಾರೂ ಅವನನ್ನು ಏನೂ ಕೇಳುವುದಿಲ್ಲ. ಆ ನಿರಾಳಕ್ಕೆ ಅವನು ತಿಂಗಳಿಗೆ ನಾಲ್ಕೈದು ಸಾವಿರ ಕಳೆದುಕೊಳ್ಳಲೂ ತಯಾರು.

ಇನ್ನೊಂದು ಕಾರಣವನ್ನು ಯಾವ ಹುಡುಗನೂ ನಿಮ್ಮೆದುರು ಬಾಯಿಬಿಟ್ಟು ಹೇಳುವುದಿಲ್ಲ. ಅದು ಮದುವೆ. ಊರಲ್ಲಿರುವ ಗಂಡಿಗೆ ಹೆಣ್ಣು ಕೊಡಲು ಯಾರೂ ಮುಂದೆ ಬರುತ್ತಿಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯ ಸೀಮೆಯ ಮದುವೆಯಾಗದ ಯುವಕರು ಹೆಣ್ಣು ಸಿಗಲಿ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಜನ ಅದನ್ನು ಓದಿ ನಕ್ಕರು. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಕೂತು ವಿಚಾರಿಸಿದರೆ ನಗು ಬರುವುದಿಲ್ಲ. ಹೆಣ್ಣಿನ ಕಡೆಯವರು ಕೇಳುವ ಮೊದಲ ಮಾತು ‘ಹುಡುಗ ಎಲ್ಲಿ ಕೆಲಸ ಮಾಡ್ತಾನೆ?’ ಬೆಂಗಳೂರು ಎಂದರೆ ಮಾತು ಮುಂದುವರಿಯುತ್ತದೆ. ಹೊಸದುರ್ಗದಲ್ಲಿ ಮೋಟ್ರು ಅಂಗಡಿ ಎಂದರೆ ಕಾಫಿ ಲೋಟ ಕೆಳಗಿಟ್ಟು ಏಳುತ್ತಾರೆ. ನಿಮ್ಮ ಹುಡುಗ ಸಾವಿರ ಅಡಿ ಬೋರಿನಿಂದ ಮೋಟರ್ ಎತ್ತಿ, ವೈಂಡಿಂಗ್ ಮಾಡಿ, ಮತ್ತೆ ಬಿಟ್ಟು, ಪ್ಯಾನಲ್ ಜೋಡಿಸಿ ನೀರು ತೆಗೆಯುವಷ್ಟು ಬಲ್ಲವನು. ಆ ಕೆಲಸಕ್ಕೆ ಒಂದು ಹೆಸರೂ ಇಲ್ಲ, ಕಾಗದವೂ ಇಲ್ಲ. ಕೇಳಿದವರಿಗೆ ಅವನ ಅಪ್ಪ ಏನು ತೋರಿಸಬೇಕು?

ಆದ್ದರಿಂದ ಕಾಗದದಿಂದ ಶುರು ಮಾಡಿ. ಸೇರಿದ ಮೂವತ್ತು ದಿನದೊಳಗೆ ನೇಮಕಾತಿ ಪತ್ರ ಕೊಡಬೇಕು ಎಂದು ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ಕಾಯ್ದೆ 1961ರದ್ದು, ನಿಮಗಿಂತ ಹಿರಿಯದು. ಪತ್ರದಲ್ಲಿ ‘ಸರ್ವಿಸ್ ಟೆಕ್ನಿಷಿಯನ್’ ಎಂದೋ ‘ವೈಂಡಿಂಗ್ ಟೆಕ್ನಿಷಿಯನ್’ ಎಂದೋ ಹುದ್ದೆ ಬರೆಯಿರಿ. ಗುರುತಿನ ಚೀಟಿ ಮಾಡಿಸಿ. ಸಂಬಳವನ್ನು ಕೈಗೆ ಕೊಡದೆ ಬ್ಯಾಂಕಿಗೆ ಹಾಕಿ, ಪ್ರತಿ ತಿಂಗಳೂ ಒಂದೇ ತಾರೀಖಿಗೆ. ಮೂರು ತಿಂಗಳು, ಆರು ತಿಂಗಳು ಸಂಬಳ ಖಾತೆಗೆ ಬಂದದ್ದು ಕಂಡರೆ ಬ್ಯಾಂಕಿನವರು ಬೈಕಿನ ಸಾಲದ ಮಾತಾಡುತ್ತಾರೆ, ಹುಡುಗ ಅಡ್ವಾನ್ಸಿಗೆ ನಿಮ್ಮ ಮುಂದೆ ನಿಲ್ಲುವುದು ತಪ್ಪುತ್ತದೆ. ಪಿಎಫ್ ಇಪ್ಪತ್ತು ಜನರಿರುವ ಕಡೆ ಕಡ್ಡಾಯ, ನಿಮಗಲ್ಲ. ಆದರೆ ನೀವೂ ಕೆಲಸದವರೂ ಒಪ್ಪಿದರೆ ಸ್ವಇಚ್ಛೆಯಿಂದ ಸೇರಬಹುದು. ಹೆಣ್ಣು ನೋಡಲು ಹೋದ ಮನೆಯಲ್ಲಿ ‘ಪಿಎಫ್ ಇದೆ’ ಎಂಬ ಮಾತಿಗೆ ಇರುವ ತೂಕ ನೀವು ಕೊಡಿಸುವ ಹಬ್ಬದ ಬಟ್ಟೆಗೆ ಇಲ್ಲ.

ಇಲ್ಲಿಯೇ ನಿಮ್ಮ ‘ಮನೆ ಮಕ್ಕಳ ಥರ’ ಎಂಬ ಮಾತಿಗೆ ಬರುತ್ತೇನೆ. ನಿಮ್ಮ ಮನಸ್ಸಿನಲ್ಲಿ ಅದು ಪ್ರಾಮಾಣಿಕವಾದ ಮಾತೇ. ಆದರೆ ಪತ್ರದಲ್ಲಿ ನೀವು ಪಟ್ಟಿ ಮಾಡಿರುವುದೆಲ್ಲ ನೀವು ಮನಸ್ಸು ಮಾಡಿದರೆ ಸಿಗುವಂಥವು. ಅವನಿಗೆ ಕಾನೂನಿನಂತೆ ಸಿಗಬೇಕಾದದ್ದು ಅದರಲ್ಲಿ ಒಂದೂ ಇಲ್ಲ. ವಾರಕ್ಕೆ ಒಂದು ಪೂರ್ತಿ ದಿನ ರಜ ಕೊಡಬೇಕು. ಭಾನುವಾರ ಮಧ್ಯಾಹ್ನದ ಮೇಲೆ ಎಂದರೆ ಅರ್ಧವೇ ಆಯಿತು. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ ದಾಟಿದರೆ ದುಪ್ಪಟ್ಟು ಕೂಲಿ. ಇಪ್ಪತ್ತು ದಿನ ದುಡಿದರೆ ಒಂದು ದಿನದ ಸಂಬಳಸಹಿತ ರಜೆ. ಹತ್ತು ಜನಕ್ಕಿಂತ ಹೆಚ್ಚಿರುವುದರಿಂದ 21,000 ರೂಪಾಯಿಯೊಳಗೆ ಸಂಬಳ ಇರುವವರಿಗೆ ಇಎಸ್‌ಐ ವಿಚಾರಿಸಿ. ಅದೇ ಕಾರಣಕ್ಕೆ ಗ್ರಾಚ್ಯುಟಿಯೂ ನಿಮಗೆ ಅನ್ವಯಿಸುತ್ತದೆ, ಅದು 1972ರಿಂದ ಇರುವ ಕಾನೂನು. ಐದು ವರ್ಷ ತುಂಬಿಸಿದವನಿಗೆ ವರ್ಷಕ್ಕೆ ಹದಿನೈದು ದಿನದ ಸಂಬಳ, ತಿಂಗಳನ್ನು 26 ದಿನವೆಂದು ಎಣಿಸಿ. ತಿಂಗಳಿಗೆ 18,200 ಪಡೆಯುವವನ ದಿನದ ಲೆಕ್ಕ 700, ವರ್ಷಕ್ಕೆ 10,500, ಐದು ವರ್ಷಕ್ಕೆ 52,500. ಈ ಅಂಕಿಯನ್ನು ಸೇರಿದ ದಿನವೇ ಹುಡುಗನ ಮುಂದೆ ಬರೆದು ತೋರಿಸಿ. ನಾಲ್ಕನೇ ವರ್ಷದಲ್ಲಿ ಬೆಂಗಳೂರು ಕರೆದಾಗ ಅವನು ಒಂದು ಸಲ ನಿಂತು ಯೋಚಿಸುತ್ತಾನೆ.

ಮನೆಯವರಂತೆ ಎಂದ ಮೇಲೆ ಇನ್ನೊಂದನ್ನೂ ಕೇಳಲೇಬೇಕು. ಮಧ್ಯಾಹ್ನ ಅವರು ಊಟ ಮಾಡುವುದು ಎಲ್ಲಿ ಕೂತು? ನಿಮ್ಮ ಮನೆಯಿಂದ ಟೀ ಬಂದರೆ ಎಲ್ಲರ ಲೋಟವೂ ಒಂದೇ ಥರದ್ದೇ? ಉತ್ತರ ನನಗೆ ಬರೆದು ಕಳಿಸುವುದು ಬೇಡ.

ಗ್ಲೌಸಿನ ವಿಷಯದಲ್ಲಿ ನನ್ನ ಹತ್ತಿರ ಮೃದು ಮಾತಿಲ್ಲ. ತೋಟದ ಲೈನಿಗೆ ತ್ರೀ ಫೇಸ್ ಕರೆಂಟ್ ಬರುವುದೇ ಪಾಳಿಯಲ್ಲಿ, ರಾತ್ರಿ ಪಾಳಿಯೂ ಇರುತ್ತದೆ. ಕಾಲ ಕೆಳಗೆ ಒದ್ದೆ ನೆಲ, ಕೈಯಲ್ಲಿ ಟಾರ್ಚು, ತುಕ್ಕು ಹಿಡಿದ ಸ್ಟಾರ್ಟರ್ ಪೆಟ್ಟಿಗೆ. ಅಲ್ಲಿಗೆ ಬರಿಗೈಯಲ್ಲಿ ಹೋಗಲ್ಲ ಎಂದವನು ನಿಮ್ಮ ಹುಡುಗರಲ್ಲೆಲ್ಲ ಜಾಣ. ಅವನ ಮಾತನ್ನು ನೀವು ಸೊಕ್ಕು ಎಂದು ತಿಳಿದಿರಿ. ಕೆಲಸ ಮಾಡುವಾಗ ಜೀವಕ್ಕೆ ಅಪಾಯವಾದರೆ ಪರಿಹಾರ ಕೊಡುವ ಹೊಣೆ ಮಾಲೀಕನದು ಎಂಬ ಕಾನೂನು ಈ ದೇಶದಲ್ಲಿ 1923ರಿಂದಲೇ ಇದೆ. ಕಾನೂನು ಹಾಗಿರಲಿ, ಅವನ ಅವ್ವ ಬಂದು ಅಂಗಡಿ ಬಾಗಿಲಲ್ಲಿ ಕೂತರೆ ಏನು ಹೇಳುತ್ತೀರಿ? ಪ್ರತಿಯೊಬ್ಬನಿಗೂ ರಬ್ಬರ್ ಗ್ಲೌಸು, ಒಳ್ಳೆಯ ಬೂಟು, ಟೆಸ್ಟರು, ಹಣೆಗೆ ಕಟ್ಟುವ ಲೈಟು ಈ ವಾರವೇ ತಂದುಕೊಡಿ. ರಾತ್ರಿ ಒಬ್ಬನನ್ನೇ ಕಳಿಸಬೇಡಿ. ಜೀವ ಹೋಗುವಷ್ಟು ಅವಸರದ ಕರೆ ಯಾವ ತೋಟದಿಂದಲೂ ಬರುವುದಿಲ್ಲ, ಬೆಳೆ ಒಂದು ರಾತ್ರಿ ಕಾಯುತ್ತದೆ.

ಗಿರಾಕಿ ಮುಂದೆ ಬೈಯುವುದನ್ನು ಇಂದೇ ಬಿಡಿ. ಇದಕ್ಕೆ ವಿವರಣೆ ಬೇಕಿಲ್ಲ. ನಿಮ್ಮ ಮಗನ ಮ್ಯಾನೇಜರ್ ಹತ್ತು ಜನರೆದುರು ಅವನ ಮಾನ ತೆಗೆದಿದ್ದರೆ ನೀವೇ ಫೋನಿನಲ್ಲಿ ‘ಬಿಟ್ಟು ಬಾ’ ಎನ್ನುತ್ತಿದ್ದಿರಿ. ರಜೆಯ ವಿಷಯವೂ ಅಷ್ಟೆ. ಕೇಳಿಕೊಂಡು ತೆಗೆದುಕೊಳ್ಳಬೇಕಾದ ರಜೆ ಯಾವುದು, ಹೇಳಿ ತೆಗೆದುಕೊಳ್ಳಬಹುದಾದ ರಜೆ ಯಾವುದು, ಎಷ್ಟು ದಿನ ಮೊದಲು ಹೇಳಬೇಕು ಎಂದು ಗೋಡೆಗೆ ಬರೆದು ಅಂಟಿಸಿ. ಆಮೇಲೆ ಅದು ನಿಮ್ಮಿಬ್ಬರ ನಡುವಿನ ಮುಖಭಂಗದ ಪ್ರಶ್ನೆಯಾಗುವುದಿಲ್ಲ.

ನೀವು ಕೇಳದೆ ಬಿಟ್ಟ ಒಂದು ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನಿಮಗೆ 59. ಮಗ ಬರುವುದಿಲ್ಲ. ಹಾಗಾದರೆ ಇನ್ನು ಹತ್ತು ವರ್ಷಕ್ಕೆ ಈ ಅಂಗಡಿ ಯಾರದು? ನೀವು ಇದನ್ನು ಮನೆಯಲ್ಲಿ ಮಾತಾಡಿರಲಿಕ್ಕಿಲ್ಲ, ಆದರೆ ನಿಮ್ಮ ಹುಡುಗರು ವೈಂಡಿಂಗ್ ಟೇಬಲ್ಲಿನ ಸುತ್ತ ಕೂತು ಖಂಡಿತ ಮಾತಾಡಿಕೊಂಡಿದ್ದಾರೆ. ಯಜಮಾನರ ನಂತರ ಬಾಗಿಲು ಹಾಕುವ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದವನು ತನ್ನ ಆಯುಷ್ಯ ಯಾಕೆ ಹೂಡಬೇಕು? ನೀವು ದಾವಣಗೆರೆಯಲ್ಲಿ ಹದಿನಾಲ್ಕು ವರ್ಷ ಕಳೆದದ್ದು ಮುಂದೊಂದು ದಿನ ಸ್ವಂತ ಬೋರ್ಡು ಹಾಕುವ ಆಸೆಯಿಂದ. ಇವರಿಗೂ ಆ ಆಸೆ ಇದೆ.

ಹಿರಿಯೂರು ಬ್ರಾಂಚನ್ನು ಈ ಕಣ್ಣಿನಿಂದ ನೋಡಿ. 2022ರಲ್ಲಿ ಮಾರಿಕಣಿವೆ 89 ವರ್ಷದ ಮೇಲೆ ಕೋಡಿ ಬಿದ್ದಾಗ ಅಣೆಕಟ್ಟಿನ ಮೇಲೆ ಜಾತ್ರೆಯಾಗಿತ್ತು, ನೀವೂ ಹೋಗಿ ನೋಡಿ ಬಂದಿರುತ್ತೀರಿ. ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ನಮ್ಮ ಸೀಮೆಯಲ್ಲಿ ನೀರು ಹೆಚ್ಚಿದರೂ ಕಡಿಮೆಯಾದರೂ ಮೋಟ್ರು ಬಲ್ಲವನಿಗೆ ಕೆಲಸ ತಪ್ಪುವುದಿಲ್ಲ. ನಿಮ್ಮಲ್ಲಿ ನಾಲ್ಕು ವರ್ಷ ದುಡಿದ, ಲೆಕ್ಕದಲ್ಲಿ ಚೊಕ್ಕವಾಗಿರುವ ಒಬ್ಬನಿಗೆ ಆ ಬ್ರಾಂಚಿನ ಲಾಭದಲ್ಲಿ ಪಾಲು ಕೊಡಿ. ಮೊದಲ ವರ್ಷ ಹತ್ತಕ್ಕೆ ಒಂದು ಪಾಲು, ಸರಿಹೋದರೆ ಮುಂದೆ ಹೆಚ್ಚಿಸಿ. ವಕೀಲರ ಹತ್ತಿರ ಕೂತು ಬರೆಸಿ, ಬಾಯಿಮಾತು ಬೇಡ. ಒಬ್ಬನಿಗೆ ಕೊಟ್ಟರೆ ಉಳಿದ ಹತ್ತು ಜನರಿಗೂ ಮುಂದಿನ ಮೆಟ್ಟಿಲು ಕಾಣುತ್ತದೆ. ನಿಮ್ಮ ಮಗನಿಗೂ ಮೊದಲೇ ಹೇಳಿ. ಅಂಗಡಿ ಬೇಡ ಎಂದವರಿಗೆ ಪಾಲು ಹಂಚುವಾಗ ಮಾತ್ರ ಅದರ ನೆನಪಾಗುವುದನ್ನು ನಾನು ಬೇಕಾದಷ್ಟು ಮನೆಗಳಲ್ಲಿ ಕಂಡಿದ್ದೇನೆ.

ಪಾಲಿನವರೆಗೆ ಹೋಗದವರಿಗೂ ಮೆಟ್ಟಿಲು ಬೇಕು. ಹೆಲ್ಪರ್ ಆಗಿ ಸೇರಿದವನು ಎಷ್ಟು ತಿಂಗಳಿಗೆ ವೈಂಡಿಂಗ್ ಮುಟ್ಟುತ್ತಾನೆ, ಯಾವಾಗ ಪ್ಯಾನಲ್, ಯಾವಾಗ ಸೋಲಾರ್ ಪಂಪು, ಯಾವ ಹಂತಕ್ಕೆ ಸಂಬಳ ಎಷ್ಟು ಏರುತ್ತದೆ ಎಂದು ಮೊದಲೇ ಹೇಳಿ. ‘ಕಲೀತಾ ಹೋಗು, ನೋಡೋಣ’ ಎಂಬ ಮಾತು ನಿಮ್ಮ ಕಾಲಕ್ಕೆ ನಡೆಯುತ್ತಿತ್ತು. ಬೇಸಿಗೆಯ ಮೂರು ತಿಂಗಳು ನಿಮಗೆ ಜೀವನ್ಮರಣದ ಪ್ರಶ್ನೆ ತಾನೇ? ಆ ಮೂರು ತಿಂಗಳಿಗೆ ಪ್ರತ್ಯೇಕ ಬೋನಸ್ ಎಂದು ಫೆಬ್ರುವರಿಯಲ್ಲೇ ಘೋಷಿಸಿ, ಮುಂಗಾರು ಹಿಡಿದ ಮೇಲೆ ಜೂನ್‌ನಲ್ಲಿ ಕೊಡಿ. ಬೇಸಿಗೆಯಲ್ಲಿ ತಪ್ಪಿದ ರಜೆಯನ್ನು ಮಳೆಗಾಲದಲ್ಲಿ ಒಟ್ಟಿಗೆ ಕೊಡಿ. ಮೊಬೈಲನ್ನೂ ಶತ್ರು ಮಾಡಿಕೊಳ್ಳಬೇಡಿ. ತೋಟಕ್ಕೆ ಹೋದ ಹುಡುಗ ಪ್ಯಾನಲ್ಲಿನ ಫೋಟೊ ತೆಗೆದು ಅಂಗಡಿಯ ಹಿರಿಯ ಮೆಕ್ಯಾನಿಕ್ಕಿಗೆ ಕಳಿಸಿದರೆ ಇನ್ನೊಂದು ಓಡಾಟ ಉಳಿಯುತ್ತದೆ. ಯಾವ ಬೋರು ಎಷ್ಟು ಅಡಿ, ಎಷ್ಟು ಎಚ್‌ಪಿ, ಯಾವಾಗ ಎತ್ತಿದ್ದು ಎಂಬುದೆಲ್ಲ ಈಗ ನಿಮ್ಮ ತಲೆಯಲ್ಲಿದೆ, ಹುಡುಗರಿಗೆ ಹೇಳಿದರೆ ಒಂದು ವಾರದಲ್ಲಿ ಫೋನಿಗೆ ಏರಿಸಿ ಕೊಡುತ್ತಾರೆ.

ಇನ್ನೊಂದು ಮಾತು. ಹನ್ನೊಂದು ಜನರಲ್ಲಿ ಹೆಣ್ಣುಮಕ್ಕಳ ಸುದ್ದಿಯೇ ಇಲ್ಲ. ಕೌಂಟರು, ಬಿಲ್ಲಿಂಗು, ಡ್ರಿಪ್ ಲೆಕ್ಕಾಚಾರ, ಟೇಬಲ್ ಮೇಲಿನ ವೈಂಡಿಂಗ್ ಇವಕ್ಕೆಲ್ಲ ಸುತ್ತಲ ಹಳ್ಳಿಯ ಡಿಪ್ಲೊಮಾ, ಪಿಯುಸಿ ಆದ ಹುಡುಗಿಯರು ಬರುತ್ತಾರೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನ ಖರ್ಚೂ ಅವರಿಗಿಲ್ಲ. ಅಂಗಡಿಯಲ್ಲಿ ಬಾಗಿಲು ಭದ್ರವಾಗಿರುವ ಒಂದು ಶೌಚಾಲಯ ಕಟ್ಟಿಸಬೇಕಾಗುತ್ತದೆ, ಅಷ್ಟೆ.

ಇಷ್ಟೆಲ್ಲ ಮಾಡಿದರೂ ಕೆಲವರು ಹೋಗುತ್ತಾರೆ. ಅದಕ್ಕೆ ಸಿದ್ಧರಾಗಿರಿ. ನಿಮ್ಮ ತಾಲ್ಲೂಕಿನದೇ ಸಾಣೇಹಳ್ಳಿಯನ್ನು ನೋಡಿ. ಪಂಡಿತಾರಾಧ್ಯ ಸ್ವಾಮೀಜಿಯವರು 1997ರಲ್ಲಿ ಶಿವಸಂಚಾರ ಎಂಬ ನಾಟಕ ತಂಡ ಶುರು ಮಾಡಿದರು. ಪ್ರತಿ ವರ್ಷ ಕಲಾವಿದರ ಆಯ್ಕೆ, ಮೂರು ನಾಟಕಗಳ ತಯಾರಿ, ಆಮೇಲೆ ತಿಂಗಳುಗಟ್ಟಲೆ ನಾಡೆಲ್ಲ ತಿರುಗಾಟ. ಒಂದು ವರ್ಷ ಮುಖ್ಯ ಪಾತ್ರ ಮಾಡಿದವರು ಮರುವರ್ಷ ಇರಬೇಕೆಂದೇನಿಲ್ಲ. ಹೊಸಬರು ಬರುತ್ತಾರೆ, ಕಲಿತವರು ಬೇರೆ ಕಡೆ ಹೋಗುತ್ತಾರೆ, ತಂಡ ಮಾತ್ರ ಹೊರಡುವುದು ತಪ್ಪುವುದಿಲ್ಲ. ಬಿಟ್ಟು ಹೋದವನು ದ್ರೋಹಿ ಎಂಬ ಮಾತು ಅಲ್ಲಿನ ವ್ಯವಸ್ಥೆಯಲ್ಲೇ ಇಲ್ಲ, ಏಕೆಂದರೆ ಅವನು ಹೋಗುತ್ತಾನೆ ಎಂದು ಮೊದಲ ದಿನವೇ ಲೆಕ್ಕದಲ್ಲಿದೆ. ನಿಮ್ಮ ಅಂಗಡಿಯೂ ಹಾಗೆ ನಡೆಯಬೇಕು. ಯಾವ ಕೆಲಸವೂ ಒಬ್ಬನ ಕೈಯಲ್ಲಿ ಮಾತ್ರ ಉಳಿಯದಂತೆ ಕನಿಷ್ಠ ಇಬ್ಬರಿಗೆ ಕಲಿಸಿ. ಐಟಿಐನವರ ಜೊತೆ ಮಾತಾಡಿ ವರ್ಷಕ್ಕೆ ಇಬ್ಬರು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಿ. ಹೊರಡುವವನಿಗೆ ಅನುಭವದ ಪತ್ರ ಕೊಟ್ಟು, ಒಂದು ಊಟ ಹಾಕಿ ಕಳಿಸಿ. ಅವನು ಎಲ್ಲಿದ್ದರೂ ನಿಮ್ಮ ಅಂಗಡಿಗೆ ತನ್ನ ತಮ್ಮನನ್ನೋ ಗೆಳೆಯನನ್ನೋ ಕಳಿಸುತ್ತಾನೆ.

ನಿಮ್ಮ ದೂರುಗಳಲ್ಲಿ ನ್ಯಾಯವಿರುವುದೂ ಇದೆ. ಬೇಸಿಗೆಯ ನಡುವೆ ಒಂದು ರಾತ್ರಿಯ ವಾಟ್ಸಾಪಿನಲ್ಲಿ ಕೆಲಸ ಬಿಡುವುದು ತಪ್ಪು, ಅಡ್ವಾನ್ಸ್ ಉಳಿಸಿಕೊಂಡು ಹೋಗುವುದು ಇನ್ನೂ ತಪ್ಪು. ಮೋಟರ್ ಎತ್ತುವಾಗ ಸರಪಳಿ ಹಿಡಿದವನ ಇನ್ನೊಂದು ಕೈಯಲ್ಲಿ ಫೋನಿದ್ದರೆ ಅದು ಪ್ರಾಣಕ್ಕೇ ಅಪಾಯ, ಅಲ್ಲಿ ನೀವು ಕಟ್ಟುನಿಟ್ಟಾಗಿರಲೇಬೇಕು. ನೇಮಕಾತಿ ಪತ್ರದಲ್ಲಿಯೇ ಬಿಡುವ ಮುನ್ನ ಒಂದು ತಿಂಗಳ ನೋಟಿಸ್ ಎಂದು ಬರೆಯಿರಿ, ಅದು ಎರಡೂ ಕಡೆಗೆ. ಆರು ತಿಂಗಳು ದುಡಿದವನನ್ನು ನೀವೂ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಇಲ್ಲದೆ ತೆಗೆಯುವಂತಿಲ್ಲ. ಅಡ್ವಾನ್ಸ್ ಕೊಟ್ಟರೆ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ, ತಿಂಗಳಿಗೆ ಇಷ್ಟು ಎಂದು ಕಡಿದುಕೊಳ್ಳಿ. ಅವನನ್ನು ಕಟ್ಟಿಹಾಕಲು ದೊಡ್ಡ ಅಡ್ವಾನ್ಸ್ ಕೊಡುವ ಹಳೆಯ ಉಪಾಯ ಮಾತ್ರ ಬೇಡ. ಅದು ಜೀತದ ತಮ್ಮ.

ಕಡೆಯ ಪ್ರಶ್ನೆ, ಏಪ್ರಿಲ್‌ನಲ್ಲಿ ಹೋದವನದ್ದು. ನಿಮ್ಮ ಮನೆಯವರು ಹೇಳಿದ್ದೇ ಸರಿ, ಕರೆಸಿಕೊಳ್ಳಿ. ಅವನಿಗೆ ಕೆಲಸ ಬರುತ್ತದೆ, ಬೆಂಗಳೂರು ಏನೆಂದು ನೋಡಿ ಬಂದಿದ್ದಾನೆ, ನಿಮಗೆ ಫೋನ್ ಮಾಡುವಷ್ಟು ನಂಬಿಕೆ ಉಳಿದಿದೆ. ಮೊದಲ ದಿನ ಉಳಿದವರ ಮುಂದೆ ಹಂಗಿಸಬೇಡಿ. ಒಳಗೆ ಕೂರಿಸಿಕೊಂಡು ಯಾಕೆ ಹೋದೆ ಎಂದು ಕೇಳಿ, ಅವನು ಮುಗಿಸುವವರೆಗೆ ನಡುವೆ ಮಾತಾಡಬೇಡಿ. ಸಂಬಳವನ್ನು ಹೊಸದಾಗಿ ಗೊತ್ತು ಮಾಡಿ ಪತ್ರ ಕೊಡಿ. ಬಾಕಿಯಿರುವ 8,000ವನ್ನು ತಿಂಗಳಿಗೆ ಸಾವಿರದಂತೆ ಎಂಟು ತಿಂಗಳಲ್ಲಿ ಕಡಿದುಕೊಳ್ಳುತ್ತೇನೆ ಎಂದು ಹೇಳಿ, ಅದನ್ನೂ ಬರೆದುಕೊಳ್ಳಿ. ಆದಷ್ಟು ಬೇಗ ಫೋನ್ ಮಾಡಿ, ಅವನು ಬೇರೆ ಅಂಗಡಿಗಳಲ್ಲೂ ವಿಚಾರಿಸುತ್ತಿರುತ್ತಾನೆ.